ತಪ್ಪು ಎದುರಿನವರದು, ನಷ್ಟ ನಮ್ಮದು: ಮೋಟಾರು ವಿಮೆಯ ಪರಿಹಾರ ಪಡೆಯುವ ಬಗೆ

ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ವಸ್ತುವನ್ನು ಅಲ್ಲಿ ಬಿಟ್ಟು ಬರಬೇಕೆಂಬುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ಸಂಪ್ರದಾಯ. ಕಳೆದ ವರ್ಷ ಕಾರ್ತಿಕ ಮಾಸದಲ್ಲಿ, ಸ್ವರ್ಗಸ್ಥರಾದ ತಾಯಿಯವರ ಕಾರ್ಯದ ನಿಮಿತ್ತ, ವೃದ್ಧರಾದ ತಂದೆಯವರನ್ನು ಕೂಡಿಸಿಕೊಂಡು ದೆಹಲಿಯಿಂದ ನಮ್ಮ ಕಾರಿನಲ್ಲಿಯೇ ವಾರಾಣಸಿಗೆ ಹೋಗಿದ್ದೆ. ತಂದೆಯವರು ಅಲ್ಲಿ ಬದನೆಕಾಯಿಯನ್ನು ಬಿಟ್ಟರು. ನಾನು ಬಿಟ್ಟು ಬಂದದ್ದು ಕಾರಿನ ಹಿಂಬದಿಯ ಬಂಪರನ್ನು.

ಈ ಸಂಚಿಕೆಯಲ್ಲಿ ವೈದ್ಯಮಿತ್ರರು ಆರೋಗ್ಯರಕ್ಷಣೆಯ ಬಗ್ಗೆ ಅಧಿಕಾರವಾಣಿಯಿಂದ ಬರೆಯುತ್ತಾರೆ. ನಾನಾದರೋ ವಾಣಿಜ್ಯ ಪದವೀಧರ. ಬ್ಯಾಂಕಿನಲ್ಲಿ ಎರಡು ದಶಕಗಳ ಕಾಲ ಲೆಕ್ಕಪತ್ರಗಳೊಡನೆ ಕಳೆದವನು. ಆದರೂ ಅಂದಿನ ಅನುಭವವು ಲೆಕ್ಕಪತ್ರಕ್ಕೂ ಆರೋಗ್ಯಕ್ಕೂ ಇರುವ ನಂಟನ್ನು ತೋರಿಸಿಕೊಟ್ಟಿತಾದ್ದರಿಂದ, ಊರು ಬಿಟ್ಟು ಬಂದು ಈ ಮಹಾನಗರದಲ್ಲಿ ಕಾರು ನಡೆಸುತ್ತಿರುವ ನಮ್ಮ ಬಂಧುಗಳಿಗೆ ಅದು ಉಪಯುಕ್ತವಾದೀತೆಂಬ ಭಾವನೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಶಿವಾಲದಲ್ಲಿ ನಡೆದದ್ದು

ಗಂಗೆಯ ದಡದಲ್ಲಿರುವ ಶಿವಾಲ ಘಾಟ್ ಕನ್ನಡಿಗರಿಗೆ ಅಪರಿಚಿತವಾದ ಸ್ಥಳವಲ್ಲ. ಅದರ ಪಕ್ಕದಲ್ಲಿಯೇ ದಾಕ್ಷಿಣಾತ್ಯರು ತಲೆಮಾರುಗಳಿಂದ ನೆಲೆಸಿರುವ ಹನುಮಾನ್ ಘಾಟ್, ಅದರಾಚೆಗೆ ಹಿಂದಿನ ಮೈಸೂರು ಸಂಸ್ಥಾನವನ್ನು ನೆನಪಿಗೆ ತರುವ ಕರ್ನಾಟಕ ಘಾಟ್ ಇವೆ. 1781ರಲ್ಲಿ ಕಾಶಿಯ ರಾಜ ಚೇತಸಿಂಹನನ್ನು ವಾರನ್ ಹೇಸ್ಟಿಂಗ್ಸನು ಸೆರೆಯಲ್ಲಿಟ್ಟದ್ದೂ ಇದೇ ಶಿವಾಲದ ಅರಮನೆಯಲ್ಲಿ. ಕಾವಲಿಗೆ ಬಂದ ಸಿಪಾಯಿಗಳು ಮದ್ದುಗುಂಡುಗಳನ್ನು ತಾರದೆ ಬಂದಿದ್ದರು. ರಾಜನು ಕಿಟಕಿಯಿಂದ ನದಿಗಿಳಿದು ಪಾರಾದನೆಂದು ಇತಿಹಾಸ ಹೇಳುತ್ತದೆ. ಬಲವಿದ್ದೂ ಸಾಧನವಿಲ್ಲದವರ ಪಾಡು ಅದು. ಅಪಘಾತದ ಸಮಯದಲ್ಲಿ ನ್ಯಾಯ ನಮ್ಮ ಕಡೆ ಇದ್ದರೂ ದಾಖಲೆಯಿಲ್ಲದ ನಮ್ಮ ಪಾಡೂ ಅದಕ್ಕಿಂತ ಭಿನ್ನವಲ್ಲ.

ಕಾರ್ಯ ಮುಗಿಸಿ ಹಿಂತಿರುಗುವಾಗ ಶಿವಾಲದ ಮುಖ್ಯರಸ್ತೆಯಲ್ಲಿ ಮುಂದಿನ ಸಂದಣಿ ಕರಗಲೆಂದು ಕಾರನ್ನು ನಿಲ್ಲಿಸಿಕೊಂಡಿದ್ದೆ. ಹಿಂದಿನಿಂದ ಬಂದ ಕಾರೊಂದು ವೇಗವಾಗಿ ಢಿಕ್ಕಿ ಹೊಡೆಯಿತು. ಹಿಂದಿನ ಸೀಟಿನಲ್ಲಿದ್ದ ತಂದೆಯವರ ತಲೆ ಬಾಗಿಲಿನ ಗಾಜಿಗೆ ತಗುಲಿತು. ರಕ್ತವೇನೂ ಬರಲಿಲ್ಲ. "ನನಗೇನೂ ಆಗಿಲ್ಲ ಮಾರಾಯ, ಸುಮ್ಮನೆ ಹೊರಡುವ" ಎಂದರು. ಎದುರಿನ ಚಾಲಕನು ಒರಟನಲ್ಲ. ಕೈಮುಗಿದು ತಪ್ಪೊಪ್ಪಿಕೊಂಡು, ಐದು ಸಾವಿರ ರೂಪಾಯಿಗಳನ್ನು ಮುಂದೆ ಚಾಚಿ, ಇನ್ನು ಮುಂದೆ ಯಾವ ತಕರಾರೂ ಇಲ್ಲವೆಂದು ಒಂದು ಚೀಟಿ ಬರೆದುಕೊಡುವಂತೆ ಬೇಡಿಕೊಂಡನು. ಪರಸ್ಥಳ, ಹಿಂದೆ ನಿಂತ ವಾಹನಗಳ ಹಾರ್ನಿನ ಸದ್ದು, ಮನೆಯ ಹಿರಿಯರ ಅವಸರ. ನಾನು ಲೇಖನಿಯನ್ನು ಕೈಗೆ ತೆಗೆದುಕೊಂಡಿದ್ದೆನೆಂಬುದನ್ನು ಮುಚ್ಚಿಡಲಾರೆ. ಆದರೆ ಸಾಲದ ಪತ್ರಗಳನ್ನು ಓದದೆ ಸಹಿ ಹಾಕಿ ಪಶ್ಚಾತ್ತಾಪ ಪಟ್ಟ ಎಷ್ಟೋ ಗ್ರಾಹಕರನ್ನು ಕಂಡವನಾದ್ದರಿಂದ ಕೈ ಹಿಂಜರಿಯಿತು. ಹಣವನ್ನು ತೆಗೆದುಕೊಳ್ಳಲಿಲ್ಲ.

ಮೊದಲ ಒಂದು ಗಂಟೆ

ತಪ್ಪು ಎದುರಿನವರದೆಂಬುದು ನಮಗೆ ಎಷ್ಟೇ ಸ್ಪಷ್ಟವಾಗಿದ್ದರೂ ಅದರಿಂದಲೇ ಹಣ ಬರುವುದಿಲ್ಲ. ಸಾಲಗಾರನು ಸಾಲ ತೆಗೆದುಕೊಂಡದ್ದು ಊರಿಗೆಲ್ಲ ತಿಳಿದಿದ್ದರೂ ಪತ್ರವಿಲ್ಲದ ಸಾಲ ಹೇಗೆ ವಸೂಲಾಗದೋ ಹಾಗೆಯೇ ಇದೂ. ಪತ್ರವು ಹುಟ್ಟಬೇಕಾದದ್ದು ಮೊದಲ ಗಂಟೆಯಲ್ಲಿಯೇ. ಆ ಗಂಟೆಯಲ್ಲಿ ಮಾಡಬೇಕಾದ ಕೆಲಸಗಳು ಇವು:

1. ಗಾಯಗೊಂಡವರಿದ್ದರೆ ಮೊದಲು ಅವರ ಚಿಕಿತ್ಸೆ. 112 ಸಂಖ್ಯೆಗೆ ಕರೆ ಮಾಡಿದರೆ ಪೊಲೀಸರ ನೆರವು ದೊರೆಯುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಸಂಖ್ಯೆಯೂ ಇದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ, ನಗದು ಕಟ್ಟದೆ ಚಿಕಿತ್ಸೆ ಪಡೆಯುವ ಕೇಂದ್ರ ಸರ್ಕಾರದ ಯೋಜನೆ 2025ರ ಮೇ ತಿಂಗಳಿನಲ್ಲಿ ಜಾರಿಗೆ ಬಂದಿದೆ.

2. ವಾಹನಗಳನ್ನು ಬದಿಗೆ ಸರಿಸುವ ಮುನ್ನ ಮೊಬೈಲಿನಲ್ಲಿ ಛಾಯಾಚಿತ್ರಗಳನ್ನು ತೆಗೆಯಬೇಕು. ಜಖಂ ಆದ ಭಾಗವಷ್ಟೇ ಸಾಲದು. ಎರಡೂ ವಾಹನಗಳು ನಿಂತ ಭಂಗಿ, ಎರಡರ ನೋಂದಣಿ ಫಲಕಗಳು, ರಸ್ತೆಯ ಅಗಲ, ಅಕ್ಕಪಕ್ಕದ ಅಂಗಡಿಗಳು ಇವೆಲ್ಲ ಚಿತ್ರದಲ್ಲಿ ಬರಬೇಕು.

3. ಎದುರಿನ ಚಾಲಕನ ಹೆಸರು, ಚಾಲನಾ ಪರವಾನಗಿ, ವಾಹನದ ನೋಂದಣಿ ಪತ್ರ, ವಿಮೆಯ ಪತ್ರ ಇವುಗಳ ಚಿತ್ರ ತೆಗೆದುಕೊಳ್ಳಬೇಕು. ಅವನು ತೋರಿಸಲು ಒಪ್ಪದಿದ್ದರೂ ನೋಂದಣಿ ಸಂಖ್ಯೆಯೊಂದಿದ್ದರೆ ಸಾಕು; ಕೇಂದ್ರ ಸರ್ಕಾರದ ಎಂ-ಪರಿವಾಹನ್ ವ್ಯವಸ್ಥೆಯಲ್ಲಿ ಆ ವಾಹನಕ್ಕೆ ವಿಮೆ ಜಾರಿಯಲ್ಲಿದೆಯೇ ಎಂಬುದನ್ನು ನೋಡಬಹುದು. ಮೋಟಾರು ವಾಹನ ಕಾಯ್ದೆಯ 160ನೆಯ ಕಲಮಿನ ಪ್ರಕಾರ ನೋಂದಣಿ ಪ್ರಾಧಿಕಾರವೂ ಪೊಲೀಸ್ ಠಾಣೆಯೂ ಈ ವಿವರಗಳನ್ನು ಅಪಘಾತಕ್ಕೀಡಾದವರಿಗೆ ಕೊಡಲು ಬದ್ಧವಾಗಿವೆ.

4. ಕಣ್ಣಾರೆ ಕಂಡ ಒಬ್ಬಿಬ್ಬರ ಹೆಸರು, ದೂರವಾಣಿ ಸಂಖ್ಯೆಗಳನ್ನು ಬರೆದುಕೊಳ್ಳಬೇಕು. ಸಮೀಪದಲ್ಲಿ ಸಿ.ಸಿ. ಕ್ಯಾಮೆರಾ ಇದ್ದರೆ ಅದರ ದೃಶ್ಯವನ್ನು ಕಾಯ್ದಿರಿಸುವಂತೆ ಠಾಣೆಗೆ ಲಿಖಿತ ಮನವಿ ಕೊಡಬೇಕು. ಕೆಲವು ದಿನಗಳ ಬಳಿಕ ಹಳೆಯ ದೃಶ್ಯಗಳು ತಾವಾಗಿ ಅಳಿಸಿಹೋಗುತ್ತವೆ.

5. ಠಾಣೆಗೆ ದೂರು ಕೊಡಬೇಕು. ಯಾರಿಗಾದರೂ ಗಾಯವಾಗಿದ್ದರೆ ಅಥವಾ ಅನ್ಯರ ಸ್ವತ್ತಿಗೆ ನಷ್ಟವಾಗಿದ್ದರೆ 24 ಗಂಟೆಗಳೊಳಗಾಗಿ ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯವೆಂದು ಕಾಯ್ದೆಯೇ ಹೇಳುತ್ತದೆ. ದೂರಿನ ಪ್ರತಿಯ ಮೇಲೆ ಠಾಣೆಯ ಮೊಹರು, ದಿನಾಂಕ, ದಾಖಲೆಯ ಸಂಖ್ಯೆಗಳನ್ನು ಹಾಕಿಸಿಕೊಳ್ಳಲು ಮರೆಯಬಾರದು.

6. ತನ್ನ ವಿಮಾ ಕಂಪನಿಗೆ ಅಂದೇ ತಿಳಿಸಬೇಕು. ಪರಿಹಾರವನ್ನು ಯಾರಿಂದ ಪಡೆಯಬೇಕೆಂಬುದನ್ನು ಅನಂತರ ನಿಶ್ಚಯಿಸಬಹುದು. ತಿಳಿಸಿದ ಮಾತ್ರಕ್ಕೆ ಕ್ಲೇಮು ಮಾಡಿದಂತಾಗುವುದಿಲ್ಲ. ಕಂಪನಿಯ ಸರ್ವೇಯರ್ ನೋಡುವ ತನಕ ದುರಸ್ತಿ ಕೆಲಸವನ್ನು ಆರಂಭಿಸಕೂಡದು.

ಎರಡು ಬಾಗಿಲುಗಳು

ಕಾರಿನ ನಷ್ಟವನ್ನು ತುಂಬಿಸಿಕೊಳ್ಳಲು ಎರಡು ಬಾಗಿಲುಗಳಿವೆ. ಮೊದಲನೆಯದು ನಮ್ಮದೇ ವಿಮಾ ಕಂಪನಿಯದು. ಸ್ವಂತ ವಾಹನದ ನಷ್ಟವನ್ನೂ ಒಳಗೊಂಡ ಸಮಗ್ರ ಪಾಲಿಸಿ ಇದ್ದವರಿಗೆ ಮಾತ್ರ ಇದು ತೆರೆಯುತ್ತದೆ. ತಪ್ಪು ಯಾರದೆಂಬ ವಿಚಾರಣೆ ಇಲ್ಲಿ ಇಲ್ಲದಿರುವುದರಿಂದ ಹಣ ಬೇಗ ಬರುತ್ತದೆ. ಆದರೆ ಪೂರ್ತಿ ಬರುವುದಿಲ್ಲ. ಎರಡನೆಯದು ತಪ್ಪು ಮಾಡಿದ ವಾಹನದ ವಿಮಾ ಕಂಪನಿಯದು. ಕಾಯ್ದೆಯ ಪ್ರಕಾರ ಪ್ರತಿಯೊಂದು ವಾಹನಕ್ಕೂ ಕಡ್ಡಾಯವಾಗಿರುವ ತೃತೀಯ ಪಕ್ಷದ ವಿಮೆ ಇದುವೇ. ಇಲ್ಲಿ ಪೂರ್ಣ ನಷ್ಟವನ್ನು ಕೇಳಬಹುದು. ಆದರೆ ಎದುರಿನವರ ತಪ್ಪನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಸಾಧಿಸಬೇಕು. ಅದಕ್ಕೆ ಕಾಲ ಹಿಡಿಯುತ್ತದೆ.

ಮೊದಲನೆಯ ಬಾಗಿಲಿನ ಲೆಕ್ಕವನ್ನು ನನ್ನ ಕಾರಿನ ಉದಾಹರಣೆಯಿಂದಲೇ ವಿವರಿಸುವೆ. ಕಾರಿಗೆ ಮೂರು ವರ್ಷ ತುಂಬಿ ನಾಲ್ಕನೆಯದು ನಡೆಯುತ್ತಿತ್ತು. ಗ್ಯಾರೇಜಿನ ಬಿಲ್ಲು ತೆರಿಗೆಗಳೂ ಸೇರಿ 80,000 ರೂಪಾಯಿಗಳು. ಇದರಲ್ಲಿ ಬಂಪರ್, ದೀಪ ಮುಂತಾದ ಪ್ಲಾಸ್ಟಿಕ್ ಭಾಗಗಳು 22,000. ಇಂತಹ ಭಾಗಗಳಿಗೆ ನೂರಕ್ಕೆ 50ರಷ್ಟು ಸವಕಳಿ, ಕಡಿತ 11,000. ಡಿಕ್ಕಿಯ ಮುಚ್ಚಳ ಮುಂತಾದ ಲೋಹದ ಭಾಗಗಳು 28,000. ನಾಲ್ಕನೆಯ ವರ್ಷದ ಕಾರಿನ ಲೋಹಕ್ಕೆ ಸವಕಳಿ ನೂರಕ್ಕೆ 25, ಕಡಿತ 7,000. ಹಿಂಬದಿಯ ಗಾಜು 6,000; ಗಾಜಿಗೆ ಸವಕಳಿ ಇಲ್ಲ. ಬಣ್ಣದ ಕೆಲಸ 12,000. ಅದರ ಕಾಲುಭಾಗವಾದ 3,000ವನ್ನು ಬಣ್ಣದ ಸಾಮಗ್ರಿಯೆಂದು ಭಾವಿಸಿ ಅದರಲ್ಲಿ ಅರ್ಧ, ಅಂದರೆ 1,500 ಕಡಿತ. ಕೂಲಿ 12,000, ಕಡಿತವಿಲ್ಲ. ಇದಲ್ಲದೆ 1,500 ಸಿ.ಸಿ. ಮೀರದ ಕಾರಿಗೆ 1,000 ರೂಪಾಯಿ ಕಡ್ಡಾಯವಾಗಿ ಮಾಲೀಕನೇ ಹೊರಬೇಕು. ಅದಕ್ಕೂ ದೊಡ್ಡ ಕಾರಿಗೆ 2,000. ಒಟ್ಟು ಕಡಿತ 20,500. ಕಂಪನಿ ಕೊಟ್ಟದ್ದು 59,500.

ಇಷ್ಟಕ್ಕೇ ಲೆಕ್ಕ ಮುಗಿಯಲಿಲ್ಲ. ಕ್ಲೇಮು ಮಾಡದ ವರ್ಷಗಳಿಗೆ ದೊರೆಯುವ ರಿಯಾಯಿತಿಯನ್ನು ನೋ ಕ್ಲೇಮ್ ಬೋನಸ್ ಎನ್ನುತ್ತಾರೆ. ಅದು ವರ್ಷ ವರ್ಷಕ್ಕೆ ನೂರಕ್ಕೆ 20, 25, 35, 45, 50ರಂತೆ ಏರುತ್ತದೆ. ಒಂದು ಕ್ಲೇಮು ಮಾಡಿದರೆ, ತಪ್ಪು ನಮ್ಮದಲ್ಲದಿದ್ದರೂ, ಅದು ಸೊನ್ನೆಗೆ ಇಳಿಯುತ್ತದೆ. ನನ್ನ ಸ್ವಂತ ನಷ್ಟದ ಪ್ರೀಮಿಯಂ 12,000 ರೂಪಾಯಿಗಳು. ಮುಂದಿನ ನವೀಕರಣದಲ್ಲಿ ದೊರೆಯಬೇಕಾಗಿದ್ದ ನೂರಕ್ಕೆ 45ರ ರಿಯಾಯಿತಿ, ಅಂದರೆ 5,400 ರೂಪಾಯಿ, ಹೋಯಿತು. ಹೀಗೆ ಇನ್ನೊಬ್ಬರ ತಪ್ಪಿಗೆ ನನ್ನ ಕೈಯಿಂದ ಮೊದಲ ವರ್ಷದಲ್ಲಿಯೇ 25,900 ರೂಪಾಯಿ ಬಿಟ್ಟಂತಾಯಿತು. ಸವಕಳಿ ಕಳೆಯದ, ಅಥವಾ ಬೋನಸನ್ನು ಕಾಪಾಡುವ ಹೆಚ್ಚುವರಿ ರಕ್ಷಣೆಯನ್ನು ಪಾಲಿಸಿಯ ಜೊತೆಗೆ ಕೊಂಡವರಿಗೆ ಈ ಹೊರೆ ಕಡಿಮೆ.

ಈ ಉಳಿದ ಮೊತ್ತವನ್ನು ಎರಡನೆಯ ಬಾಗಿಲಿನಲ್ಲಿ ಕೇಳಬಹುದೇ ಎಂದರೆ, ಕೇಳಬಹುದು. ಆದರೆ ಒಂದೇ ರೂಪಾಯಿಯನ್ನು ಎರಡು ಕಡೆ ಪಡೆಯಲಾಗದು. ನಮ್ಮ ಕಂಪನಿ ಕೊಟ್ಟ 59,500ನ್ನು ತಪ್ಪಿತಸ್ಥರಿಂದ ವಸೂಲು ಮಾಡುವ ಹಕ್ಕು ಕಂಪನಿಗೆ ವರ್ಗವಾಗುತ್ತದೆ. ಸಾಲಕ್ಕೆ ಜಾಮೀನು ನಿಂತವನು ಸಾಲ ತೀರಿಸಿದಾಗ ಬ್ಯಾಂಕಿನ ಹಕ್ಕು ಅವನಿಗೆ ಬರುವಂತೆ. ನಮಗೆ ಉಳಿಯುವುದು ತುಂಬದೆ ಉಳಿದ ನಷ್ಟ ಮಾತ್ರ. ಖಾಸಗಿ ಕಾರಿನ ಪಾಲಿಸಿಯಲ್ಲಿ ಅನ್ಯರ ಸ್ವತ್ತಿನ ನಷ್ಟಕ್ಕೆ ಸಾಮಾನ್ಯವಾಗಿ ಏಳೂವರೆ ಲಕ್ಷ ರೂಪಾಯಿಗಳ ಮಿತಿ ಇರುತ್ತದೆ. ಪ್ರೀಮಿಯಂ ಉಳಿಸಲು ಮಾಲೀಕನು ಅದನ್ನು 6,000 ರೂಪಾಯಿಗೆ ಇಳಿಸಿಕೊಂಡಿದ್ದರೆ ಉಳಿದದ್ದನ್ನು ಅವನಿಂದಲೇ ಕೇಳಬೇಕು. ವಿಮೆಯೇ ಇಲ್ಲದ ವಾಹನವಾದರೆ ಪೂರ್ಣ ಹೊಣೆ ಚಾಲಕ ಮತ್ತು ಮಾಲೀಕರದು.

ಆ ಚೀಟಿಯ ಬೆಲೆ

ಈಗ ಐದು ಸಾವಿರ ರೂಪಾಯಿಗಳ ಚೀಟಿಯ ವಿಷಯಕ್ಕೆ ಬರೋಣ. ರಸ್ತೆಯಲ್ಲಿ ಹಣ ಪಡೆದು "ಇನ್ನು ತಕರಾರಿಲ್ಲ" ಎಂದು ಬರೆದುಕೊಟ್ಟರೆ ಎರಡೂ ಬಾಗಿಲುಗಳು ಮುಚ್ಚುವ ಅಪಾಯವಿದೆ. ಎದುರಿನ ಕಂಪನಿ ಆ ಚೀಟಿಯನ್ನೇ ತೋರಿಸುತ್ತದೆ. ನಮ್ಮ ಕಂಪನಿಯಾದರೋ, ತಾನು ವಸೂಲು ಮಾಡಬಹುದಾಗಿದ್ದ ಹಕ್ಕನ್ನು ನಾವೇ ಬಿಟ್ಟುಕೊಟ್ಟೆವೆಂದು ಆಕ್ಷೇಪಿಸಬಹುದು. ಬರಿಯ ಗೀರು ಬಿದ್ದು, ಯಾರಿಗೂ ಪೆಟ್ಟಾಗದೆ, ದುರಸ್ತಿಯ ವೆಚ್ಚವು ಬೋನಸಿನ ನಷ್ಟಕ್ಕಿಂತ ಕಡಿಮೆ ಎಂದು ಖಚಿತವಾಗಿದ್ದಲ್ಲಿ ಸ್ಥಳದಲ್ಲೇ ಹಣ ಪಡೆದು ಮುಗಿಸುವುದು ಜಾಣತನವೇ ಸರಿ. ಆಗಲೂ ರಸೀದಿಯಲ್ಲಿ "ವಾಹನದ ನಷ್ಟಕ್ಕೆ ಮಾತ್ರ" ಎಂಬ ಮಾತು ಇರಲೇಬೇಕು. ಮತ್ತು ಅದೇ ನಷ್ಟಕ್ಕೆ ಅನಂತರ ವಿಮೆಯನ್ನು ಕೇಳಬಾರದು.

"ಯಾರಿಗೂ ಪೆಟ್ಟಾಗದೆ" ಎಂದೆನಷ್ಟೆ? ಅದನ್ನು ರಸ್ತೆಯಲ್ಲಿ ನಿಂತು ನಿಶ್ಚಯಿಸುವುದು ಸಾಧ್ಯವಿಲ್ಲ. ಅಂದು ತಂದೆಯವರ ಆಕ್ಷೇಪಣೆಯನ್ನು ಲೆಕ್ಕಿಸದೆ ಅವರನ್ನು ಅಲ್ಲಿಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ. ವೈದ್ಯರು ಪರೀಕ್ಷಿಸಿ, ಅಪಘಾತದಲ್ಲಿ ತಲೆಗೆ ಪೆಟ್ಟು ಎಂದು ದಿನಾಂಕ, ವೇಳೆಗಳೊಡನೆ ಚೀಟಿಯಲ್ಲಿ ಬರೆದು, ಹೃದಯಕ್ಕಾಗಿ ಅವರು ಸೇವಿಸುತ್ತಿದ್ದ ರಕ್ತ ತೆಳುಗೊಳಿಸುವ ಮಾತ್ರೆಯ ಹೆಸರನ್ನೂ ಗುರುತು ಹಾಕಿಕೊಂಡರು. ಕೆಲವು ವಾರಗಳವರೆಗೆ ತಲೆನೋವು, ಮಂಪರು, ಮರೆವು, ನಡಿಗೆಯಲ್ಲಿ ತೂರಾಟ ಕಂಡರೆ ತಡಮಾಡಬಾರದೆಂದು ಎಚ್ಚರಿಸಿ ಕಳುಹಿಸಿದರು. ದೆಹಲಿಗೆ ಬಂದ ನಾಲ್ಕನೆಯ ವಾರ ತಂದೆಯವರು ಮಧ್ಯಾಹ್ನವೆಲ್ಲ ನಿದ್ರಿಸತೊಡಗಿದರು. ಒಂದು ಬೆಳಿಗ್ಗೆ ಕಾಫಿಯ ಲೋಟ ಬಲಗೈಯಿಂದ ಜಾರಿ ಬಿದ್ದಿತು. ಸ್ಕ್ಯಾನ್ ಮಾಡಿಸಿದಾಗ ಮೆದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ಶೇಖರವಾಗಿ ಒತ್ತುತ್ತಿರುವುದು ತಿಳಿದುಬಂತು. ವೃದ್ಧರಲ್ಲಿ, ವಿಶೇಷವಾಗಿ ಇಂತಹ ಮಾತ್ರೆ ಸೇವಿಸುವವರಲ್ಲಿ, ಅಲ್ಪ ಪೆಟ್ಟಿನಿಂದಲೂ ವಾರಗಳ ಬಳಿಕ ಹೀಗಾಗುವುದುಂಟೆಂದು ವೈದ್ಯರು ವಿವರಿಸಿದರು. ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು ರಕ್ತವನ್ನು ಹೊರತೆಗೆದರು. ದೇವರ ದಯೆಯಿಂದ ತಂದೆಯವರು ಚೇತರಿಸಿಕೊಂಡಿದ್ದಾರೆ. ಆಸ್ಪತ್ರೆಯ ವೆಚ್ಚ ಎರಡು ಲಕ್ಷ ನಲವತ್ತು ಸಾವಿರ ರೂಪಾಯಿಗಳಾಯಿತು. ಶಿವಾಲದಲ್ಲಿ ಸಹಿ ಹಾಕಿದ್ದರೆ ಇದೆಲ್ಲವನ್ನೂ ಐದು ಸಾವಿರಕ್ಕೆ ಮಾರಿದಂತಾಗುತ್ತಿತ್ತು.

ದೇಹಕ್ಕಾದ ಗಾಯದ ಪರಿಹಾರ

ಸ್ವಂತ ಕಾರಿನ ಸಮಗ್ರ ಪಾಲಿಸಿಯು ಇಂತಹ ಗಾಯಕ್ಕೆ ಒದಗುವುದಿಲ್ಲ. ಅದರಲ್ಲಿ ಕಡ್ಡಾಯವಾಗಿರುವ ವೈಯಕ್ತಿಕ ಅಪಘಾತ ರಕ್ಷಣೆ ಕಾರನ್ನು ನಡೆಸುವ ಮಾಲೀಕನಿಗೆ ಮಾತ್ರ. ತಪ್ಪು ಮಾಡಿದ ಕಾರಿನ ದೃಷ್ಟಿಯಿಂದ ನನ್ನ ತಂದೆಯವರು ತೃತೀಯ ಪಕ್ಷ. ಆದಕಾರಣ ಅವರ ಪರಿಹಾರ ಆ ಕಾರಿನ ವಿಮೆಯಿಂದಲೇ ಬರಬೇಕು. ಗಾಯವಾದ ಪ್ರಕರಣಗಳಲ್ಲಿ ಪೊಲೀಸರು 48 ಗಂಟೆಗಳೊಳಗೆ ಪ್ರಥಮ ಅಪಘಾತ ವರದಿಯನ್ನೂ, 90 ದಿನಗಳೊಳಗೆ ಸವಿವರ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕೆಂದು 2022ರ ನಿಯಮಗಳು ವಿಧಿಸಿವೆ. ದೂರು ದಾಖಲಾಗದಿದ್ದರೆ ಈ ಯಂತ್ರ ಚಲಿಸುವುದೇ ಇಲ್ಲ.

ಪರಸ್ಥಳದಲ್ಲಿ ಅಪಘಾತಕ್ಕೀಡಾದ ನಮ್ಮಂತಹವರಿಗೆ ಬಹು ಮುಖ್ಯವಾದ ಸಂಗತಿಯೊಂದಿದೆ. ಮೊಕದ್ದಮೆಗಾಗಿ ಪದೇ ಪದೇ ಕಾಶಿಗೆ ಅಲೆಯಬೇಕಾಗಿಲ್ಲ. ಕಾಯ್ದೆಯ 166ನೆಯ ಕಲಮು ಅರ್ಜಿದಾರನಿಗೆ ಆಯ್ಕೆ ಕೊಟ್ಟಿದೆ. ಅಪಘಾತ ನಡೆದ ಸ್ಥಳದಲ್ಲಾಗಲಿ, ತಾನು ವಾಸಿಸುವ ಅಥವಾ ವೃತ್ತಿ ನಡೆಸುವ ಸ್ಥಳದಲ್ಲಾಗಲಿ, ಪ್ರತಿವಾದಿಯು ವಾಸಿಸುವ ಸ್ಥಳದಲ್ಲಾಗಲಿ ಇರುವ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಅಂತೆಯೇ ನಾವು ದೆಹಲಿಯಲ್ಲಿಯೇ ಸಲ್ಲಿಸಿದೆವು. ಆದರೆ ಕಾಲಮಿತಿಯನ್ನು ಮರೆಯಬಾರದು. ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮವು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ವಿಳಂಬವನ್ನು ಮನ್ನಿಸುವರೆಂಬ ಭರವಸೆಯ ಮೇಲೆ ಕುಳಿತುಕೊಳ್ಳುವುದು ವಿವೇಕವಲ್ಲ. ನಾವು ಐದನೆಯ ತಿಂಗಳಿನಲ್ಲಿ ಸಲ್ಲಿಸಿದೆವು.

ನ್ಯಾಯಮಂಡಳಿಯಲ್ಲಿ ಎದುರಿನವರ ತಪ್ಪನ್ನು ಕ್ರಿಮಿನಲ್ ನ್ಯಾಯಾಲಯದಲ್ಲಿ ಬೇಕಾಗುವಷ್ಟು ನಿಸ್ಸಂದೇಹವಾಗಿ ಸಾಧಿಸಬೇಕಾಗಿಲ್ಲ. ಹೀಗೆ ನಡೆದಿರುವ ಸಂಭವವೇ ಹೆಚ್ಚೆಂದು ಮನಗಾಣಿಸಿದರೆ ಸಾಕು. ನಿಂತ ಕಾರಿಗೆ ಹಿಂದಿನಿಂದ ಬಂದು ಹೊಡೆದ ಚಿತ್ರಗಳು ಈ ದೃಷ್ಟಿಯಿಂದ ಬೆಲೆಯುಳ್ಳವು. ಎದುರಿನ ಕಂಪನಿಯು ತಂದೆಯವರು ಮನೆಯಲ್ಲಿಯೇ ಎಲ್ಲಿಯೋ ಬಿದ್ದಿರಬಹುದೆಂದು ವಾದಿಸಿದೆ. ಅದಕ್ಕೆ ನಮ್ಮಲ್ಲಿರುವ ಉತ್ತರ ಕಾಶಿಯ ಆಸ್ಪತ್ರೆಯ ಆ ಒಂದು ಚೀಟಿ. ಪ್ರಕರಣ ಇನ್ನೂ ವಿಚಾರಣೆಯಲ್ಲಿದೆ. ಫಲಿತಾಂಶವನ್ನು ಹೇಳುವ ಸ್ಥಿತಿಯಲ್ಲಿ ನಾನಿಲ್ಲ.

ಢಿಕ್ಕಿ ಹೊಡೆದ ವಾಹನ ಗುರುತು ಸಿಗದಂತೆ ಓಡಿಹೋದಾಗ ಬೇರೆ ವ್ಯವಸ್ಥೆ ಇದೆ. 2022ರ ಯೋಜನೆಯಂತೆ ಮರಣಕ್ಕೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ ದೊರೆಯುತ್ತದೆ.

ಕಂಪನಿ ಸ್ಪಂದಿಸದಿದ್ದರೆ

ನಮ್ಮದೇ ಕಂಪನಿಯು ಕ್ಲೇಮನ್ನು ತಿರಸ್ಕರಿಸಿದರೆ ಅಥವಾ ಅನ್ಯಾಯವಾಗಿ ಕಡಿತ ಮಾಡಿದರೆ ಮೊದಲು ಅದರ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳೊಳಗೆ ಸಮಾಧಾನಕರ ಉತ್ತರ ಬಾರದಿದ್ದಲ್ಲಿ ವಿಮಾ ಲೋಕಪಾಲರಿಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರ ಅವಶ್ಯಕತೆಯೂ ಇಲ್ಲ. ಆದರೆ ಲೋಕಪಾಲರ ಬಳಿ ನಮ್ಮ ಕಂಪನಿಯ ಮೇಲೆ ಮಾತ್ರ ದೂರಬಹುದು. ಎದುರಿನವರ ಕಂಪನಿಯ ಮೇಲೆ ಅಲ್ಲ. ಅದಕ್ಕೆ ನ್ಯಾಯಮಂಡಳಿಯೇ ದಾರಿ. ಈ ಭೇದವನ್ನು ತಿಳಿಯದೆ ಅಮೂಲ್ಯವಾದ ಆರು ತಿಂಗಳುಗಳನ್ನು ತಪ್ಪು ಕಚೇರಿಯಲ್ಲಿ ಕಳೆಯಬಾರದು. ಎಲ್ಲಿಗೇ ಬರೆದರೂ ಮಾತಿನಲ್ಲಿ ಹೇಳಿ ಬಿಡದೆ, ಸ್ಪೀಡ್ ಪೋಸ್ಟ್ ಅಥವಾ ಇ-ಮೇಲ್ ಮೂಲಕ ಕಳುಹಿಸಿ ಪ್ರತಿಯನ್ನು ಇಟ್ಟುಕೊಳ್ಳುವುದು ಲೇಸು.

ಕೊನೆಯ ಮಾತು

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬುದು ನಮ್ಮ ಗಾದೆ. ಓದುಗರ ಒಲೆ ಅಡಿಗೆಗೆ ಮುಂಚೆಯೇ ಉರಿಯಲಿ ಎಂಬುದು ನನ್ನ ಹಾರೈಕೆ. ಇಂದು ಸಂಜೆ ಮನೆಗೆ ಹೋದವರು ತಮ್ಮ ಪಾಲಿಸಿಯನ್ನು ಒಮ್ಮೆ ತೆರೆದು ನೋಡಿ, ಅದು ಸಮಗ್ರವೇ, ತೃತೀಯ ಪಕ್ಷದ್ದು ಮಾತ್ರವೇ, ಎಂದಿಗೆ ಮುಗಿಯುತ್ತದೆ ಎಂಬ ಮೂರು ಸಂಗತಿಗಳನ್ನು ಗುರುತು ಮಾಡಿಕೊಂಡರೆ ಈ ಲೇಖನದ ಉದ್ದೇಶ ಅರ್ಧ ಸಫಲವಾದಂತೆ. ಮನೆಯ ಹಿರಿಯರು ಸೇವಿಸುವ ಔಷಧಿಗಳ ಪಟ್ಟಿಯೊಂದನ್ನು ಕಾರಿನ ಕಾಗದಪತ್ರಗಳ ಜೊತೆಗೆ ಇರಿಸಿದರೆ ಉಳಿದರ್ಧವೂ ಸಫಲ.

ತಂದೆಯವರು ಈಗ ಬೆಳಿಗ್ಗೆ ಎಂದಿನಂತೆ ಬಲಗೈಯಲ್ಲಿಯೇ ಲೋಟ ಹಿಡಿದು ಕಾಫಿ ಕುಡಿಯುತ್ತಾರೆ. "ಕಾಶಿಯಲ್ಲಿ ಬಿಟ್ಟದ್ದು ಬದನೆಕಾಯಿ ಒಂದೇ ಆಗಲಿಲ್ಲವಲ್ಲೋ" ಎಂದು ಆಗಾಗ್ಗೆ ನಗುತ್ತಾರೆ. ನ್ಯಾಯಮಂಡಳಿಯ ತೀರ್ಪು ಏನೇ ಬರಲಿ, ನನ್ನ ಲೆಕ್ಕದ ಪುಸ್ತಕದಲ್ಲಿ ಜಮೆಯ ಕಡೆ ಮೊದಲು ಬರೆದಿರುವುದು ಅದನ್ನೇ.